ಹನ್ನೊಂದು ಕೆಂಪು ಗೆರೆ

ನಮ್ಮ ವಿಭಾಗದಲ್ಲಿ ಮನಸ್ಸಿನ ವಿಚಾರ ಗೊತ್ತಿರುವವರು ನಾಲ್ಕು ಜನ ಇದ್ದಾರೆ, ನಲ್ಲಿ ರಿಪೇರಿ ಮಾಡಿಸಬಲ್ಲವರು ಒಬ್ಬರೂ ಇಲ್ಲ. ಲ್ಯಾಬಿನ ಮೂಲೆಯ ನಲ್ಲಿ ಎರಡು ವರ್ಷದಿಂದ ತೊಟ್ಟಿಕ್ಕುತ್ತಿದೆ. ಒಮ್ಮೆ ಸ್ಟಾಫ್ ರೂಮಿನಲ್ಲಿ ಆ ಮಾತೆತ್ತಿದೆ. ವರ್ತನಾವಾದ ಕಲಿಸುವವರು, ಪ್ಲಂಬರ್ ಬಂದ ದಿನವೆಲ್ಲ ಅವನಿಗೊಂದು ಬಹುಮಾನ ಕೊಟ್ಟು ರೂಢಿ ಮಾಡಿಸಬೇಕು ಎಂದರು. ಮನೋವಿಶ್ಲೇಷಣೆಯವರು ಕನ್ನಡಕ ತೆಗೆದು, ಆ ಸದ್ದು ನನ್ನೊಬ್ಬಳನ್ನೇ ಯಾಕೆ ಕಾಡುತ್ತಿದೆ, ಚಿಕ್ಕಂದಿನಲ್ಲಿ ನೀರಿನ ಹತ್ತಿರ ಏನಾದರೂ ನಡೆದಿತ್ತೇ ಎಂದು ಮೆಲ್ಲಗೆ ಕೇಳಿದರು. ಮಾನವತಾವಾದದ ಮೇಡಂ, ಪ್ಲಂಬರ್‌ನೊಳಗಿನ ಒಳ್ಳೆಯತನವನ್ನು ನಾವು ನಂಬಬೇಕು ಎಂದು ಕಣ್ಣು ತುಂಬಿಕೊಂಡರು. ನಾಲ್ಕನೆಯವರು ವಿಭಾಗದ ಮುಖ್ಯಸ್ಥರು. ಅವರು ನಕ್ಕು, "ಅದು ನಲ್ಲಿ ಸಮಸ್ಯೆ ಅಲ್ಲಮ್ಮ, ನಿಮ್ಮ ಗ್ರಹಿಕೆಯ ಸಮಸ್ಯೆ" ಎಂದರು. ನಾನು ಹಳೇ ಬಟ್ಟೆಯೊಂದನ್ನು ಸುತ್ತಿ ಬಿಗಿದು ಕಟ್ಟಿದೆ. ಅದು ಈಗಲೂ ಅಲ್ಲೇ ಇದೆ.

ನಾನು ಲ್ಯಾಬ್ ಅಸಿಸ್ಟೆಂಟ್. ಇಪ್ಪತ್ತೆರಡು ವರ್ಷದಿಂದ ಸ್ಟಾಪ್‌ವಾಚುಗಳಿಗೆ ಬ್ಯಾಟರಿ ಹಾಕುತ್ತೇನೆ, ಕನ್ನಡಿಯಲ್ಲಿ ನೋಡುತ್ತ ನಕ್ಷತ್ರ ಬರೆಯುವ ಹಲಗೆಯನ್ನು ಒರೆಸುತ್ತೇನೆ, ನೆನಪಿನ ಪ್ರಯೋಗದ ಚೀಟಿಗಳನ್ನು ಎಣಿಸಿ ರಬ್ಬರ್ ಬ್ಯಾಂಡ್ ಹಾಕುತ್ತೇನೆ. ಎಲ್ಲಕ್ಕಿಂತ ಮುಖ್ಯವಾಗಿ ಪ್ರಯೋಗದ ರಿಜಿಸ್ಟರ್ ನನ್ನ ಕೈಯಲ್ಲಿದೆ. ಅದಕ್ಕೊಂದು ಶಿಸ್ತಿದೆ. ಪುಟಗಳಿಗೆ ಅಚ್ಚಾದ ನಂಬರ್ ಇರುತ್ತದೆ, ಹಾಳೆ ಹರಿಯುವ ಹಾಗಿಲ್ಲ. ತಪ್ಪಾದರೆ ಬಿಳಿ ಬಳಿಯುವ ಹಾಗಿಲ್ಲ. ಸ್ಕೇಲ್ ಇಟ್ಟು ಕೆಂಪು ಪೆನ್ನಿನಲ್ಲಿ ಒಂದೇ ಒಂದು ಗೆರೆ ಎಳೆದು, ಕೆಳಗಿನ ಅಕ್ಷರ ಕಾಣುವ ಹಾಗೆ ಬಿಟ್ಟು, ಪಕ್ಕದಲ್ಲಿ ಸಹಿ ಹಾಕಬೇಕು. ಪರೀಕ್ಷೆಗೆ ಹೊರಗಿನಿಂದ ಬಂದವರು ಯಾವತ್ತೂ ಒಳಗೇನಿದೆ ಎಂದು ಓದಿದವರಲ್ಲ. ಆದರೆ ರಿಜಿಸ್ಟರ್ ಎಷ್ಟು ನೀಟಾಗಿದೆ ಎಂದು ಎಲ್ಲರೂ ಹೇಳಿದ್ದಾರೆ. ನನಗೂ ಅದೇ ಸಾಕಾಗಿತ್ತು.

ಮುಖ್ಯಸ್ಥರನ್ನು ಹುಡುಗರು ಬಣ್ಣದ ಮೇಷ್ಟ್ರು ಎನ್ನುತ್ತಾರೆ. ಓದುವುದು ಹೇಗೆ ಎಂಬುದಕ್ಕೆ ಅವರು ಸಾಲುಗಳ ಮೇಲೆ ಹೈಲೈಟರ್ ಎಳೆಯುವ ಐದು ಬಣ್ಣದ ವಿಧಾನ ಒಂದನ್ನು ಕಂಡುಹಿಡಿದಿದ್ದಾರೆ. ವ್ಯಾಖ್ಯಾನಕ್ಕೆ ಕೆಂಪು, ಹೆಸರು ಮತ್ತು ಇಸವಿಗೆ ಹಳದಿ, ಉದಾಹರಣೆಗೆ ಹಸಿರು, ಪರೀಕ್ಷೆಗೆ ಬರುವಂಥದ್ದಕ್ಕೆ ನೀಲಿ, ಅನುಮಾನ ಬಂದ ಸಾಲಿಗೆ ನೇರಳೆ. ಮೊದಲ ಓದಿಗೆ ಒಂದು ಬಣ್ಣ, ಎರಡನೆಯ ಓದಿಗೆ ಎರಡು, ಹೀಗೆ ಒಂದು ಪಾಠ ಮುಗಿಯುವ ಹೊತ್ತಿಗೆ ಪುಸ್ತಕ ಮದುವೆ ಚಪ್ಪರದ ಹಾಗೆ ಕಾಣಬೇಕು. ಒಳಗೆ ಬರೆದದ್ದೇನು ಎಂದು ಯಾರನ್ನಾದರೂ ಕೇಳಿ ನೋಡಿ, ಎಡಗಡೆ ಪುಟದಲ್ಲಿ ಮೇಲೆ ಹಸಿರಿತ್ತು ಎನ್ನುತ್ತಾರೆ.

ಈ ವಿಧಾನವನ್ನು ಹೋದ ವರ್ಷ ಪ್ರಯೋಗಕ್ಕೆ ಇಟ್ಟರು. ಮೊದಲ ವರ್ಷದ ಅರವತ್ತು ಮಕ್ಕಳು. ಚೀಟಿ ಎತ್ತಿ ಎರಡು ಪಾಲು ಮಾಡಿದ್ದಾಯಿತು. ಮೂವತ್ತು ಜನ ಬಣ್ಣ ಹಾಕಬೇಕು, ಮೂವತ್ತು ಜನ ತಮಗೆ ಬಂದ ಹಾಗೆ ಓದಿಕೊಳ್ಳಬೇಕು. ಚೀಟಿ ಎತ್ತಿದ್ದು ನಾನೇ, ಡಬ್ಬ ಕುಲುಕಿದ್ದೂ ನಾನೇ. ಬಣ್ಣದ ಗುಂಪಿಗೆ ಬಂದ ಚೀಟಿಗಳಲ್ಲಿ ಒಂದು ನನ್ನ ಅಕ್ಕನ ಮಗಳದ್ದು.

ಅವಳು ನಮ್ಮ ಮನೆಯಲ್ಲೇ ಇದ್ದು ಓದುತ್ತಾಳೆ. ಅಕ್ಕನ ಮನೆಯಿಂದ ಕಾಲೇಜಿಗೆ ಎರಡು ಬಸ್ ಹಿಡಿಯಬೇಕು, ನನ್ನ ಮನೆಯಿಂದಾದರೆ ಹತ್ತು ನಿಮಿಷದ ನಡಿಗೆ. ಕಾಲೇಜಿನ ಕಾಗದಗಳಲ್ಲಿ ಪೋಷಕರು ಎಂಬ ಜಾಗದಲ್ಲಿ ನನ್ನ ಹೆಸರೇ ಇದೆ. ಮಾತು ಕಲಿತಂದಿನಿಂದ ಯಾಕೆ, ಯಾಕೆ ಎಂದು ಪ್ರಾಣ ತಿಂದವಳು. ಅದಕ್ಕೇ ಮನೆಮಂದಿಯೆಲ್ಲ ಅವಳನ್ನು ಯಾಕಮ್ಮ ಎಂದೇ ಕರೆಯುವುದು. ಅವಳು ಓದುವ ರೀತಿ ನೋಡಿದ್ದರೆ ಬಣ್ಣದ ಮೇಷ್ಟ್ರು ಎದೆ ಹಿಡಿದುಕೊಳ್ಳುತ್ತಿದ್ದರು. ಒಂದು ಪಾಠ ಓದುವುದು, ಪುಸ್ತಕ ಮುಚ್ಚಿ ನನ್ನ ಕೈಗೆ ಕೊಡುವುದು, "ಕೇಳು ಚಿಕ್ಕಮ್ಮ" ಎನ್ನುವುದು. ನಾನು ತರಕಾರಿ ಹೆಚ್ಚುತ್ತ ಕೇಳಬೇಕು, ಅವಳು ಅಡುಗೆಮನೆಯ ಬಾಗಿಲಿಗೊರಗಿ ಹೇಳಬೇಕು. ತಪ್ಪಿದರೆ ನೆಲಕ್ಕೊಂದು ಒದ್ದು, ಮತ್ತೆ ಕೇಳು ಎನ್ನುವಳು. ಹೀಗೇ ಓದಿ ಅವಳು ಶಾಲೆಯುದ್ದಕ್ಕೂ ತರಗತಿಯ ಮೊದಲ ಐದರೊಳಗೆ ಇದ್ದಳು. ನನಗೂ ಅರ್ಧ ಮನಃಶಾಸ್ತ್ರ ಹಾಗೇ ಬಂತು. ಸಂಬಳ ತೆಗೆದುಕೊಂಡು ಇಪ್ಪತ್ತೆರಡು ವರ್ಷದಲ್ಲಿ ಕಲಿಯದ್ದನ್ನು ಬದನೆಕಾಯಿ ಹೆಚ್ಚುತ್ತ ನಾಲ್ಕು ತಿಂಗಳಲ್ಲಿ ಕಲಿತೆ.

ಪ್ರಯೋಗ ಶುರುವಾದ ದಿನವೇ ಮೇಷ್ಟ್ರು ಆಜ್ಞೆ ಹೊರಡಿಸಿದರು. ಬಣ್ಣದ ಗುಂಪಿನವರು ಪ್ರಯೋಗ ಮುಗಿಯುವ ತನಕ ಬೇರೆ ಯಾವ ರೀತಿಯಲ್ಲೂ ಓದಬಾರದು. ಪ್ರತಿ ಶುಕ್ರವಾರ ಪುಸ್ತಕ ತಂದು ತೋರಿಸಬೇಕು. ಎರಡು ಶುಕ್ರವಾರ ತಪ್ಪಿಸಿದವರು ಪ್ರಯೋಗದಿಂದ ಹೊರಗೆ. ಯಾಕಮ್ಮ ಮಾತಿಗೆ ತಪ್ಪುವವಳಲ್ಲ. ಅಂದಿನಿಂದ ಅಡುಗೆಮನೆಯ ಬಾಗಿಲಿಗೆ ಬರುವುದನ್ನು ನಿಲ್ಲಿಸಿದಳು. ಮೇಜಿನ ಮುಂದೆ ಕೂತು ಹೈಲೈಟರಿನ ಮುಚ್ಚಳ ತೆಗೆಯುವುದು, ಹಾಕುವುದು, ತೆಗೆಯುವುದು. ಒಂದು ಪಾಠಕ್ಕೆ ಮೂರು ಸಂಜೆ ಹೋಗುತ್ತಿತ್ತು. ಇಂಗ್ಲಿಷ್ ಬಾಕಿ ಉಳಿಯಿತು, ಸಮಾಜಶಾಸ್ತ್ರ ಉಳಿಯಿತು, ನಿದ್ದೆಯೂ ಉಳಿಯಿತು. ಬಣ್ಣ ಮಾತ್ರ ಮುಗಿಯುತ್ತ ಬಂತು.

ಅದರಲ್ಲೂ ನೇರಳೆ ಬೇಗ ಮುಗಿಯಿತು. ಅವಳಿಗೆ ಬರುವುದೇ ಅನುಮಾನ ತಾನೆ? ಐದನೆಯ ಶುಕ್ರವಾರ ಮೇಷ್ಟ್ರು ಅವಳ ಪುಸ್ತಕ ಎತ್ತಿ ಇಡೀ ತರಗತಿಗೆ ತೋರಿಸಿದರು. ನಾನು ಹಿಂದೆ ಸ್ಟಾಪ್‌ವಾಚ್ ಹಂಚುತ್ತ ನಿಂತಿದ್ದೆ.

"ನೋಡಿ, ಪುಟಪೂರ್ತಿ ನೇರಳೆ. ಪುಟಕ್ಕೆ ಎರಡು ಸಾಲಿಗಿಂತ ಹೆಚ್ಚು ಅನುಮಾನ ಬಂದರೆ ತಪ್ಪು ಪುಸ್ತಕದ್ದಲ್ಲ, ಓದುವವರ ತಲೆಯದ್ದು" ಎಂದರು.

ತರಗತಿ ನಕ್ಕಿತು. ಯಾಕಮ್ಮ ಎದ್ದು ನಿಂತು, "ಸರ್, ನನ್ನ ಅನುಮಾನಕ್ಕೆ ಉತ್ತರ ಯಾವ ಬಣ್ಣದಲ್ಲಿ ಹಾಕಬೇಕು?" ಎಂದು ಕೇಳಿದಳು. ತರಗತಿ ಇನ್ನೂ ಜೋರಾಗಿ ನಕ್ಕಿತು. ಮೇಷ್ಟ್ರು ನಗಲಿಲ್ಲ. "ಇದೇ ನೋಡಿ, ತಾಳ್ಮೆ ಇಲ್ಲದವರ ಲಕ್ಷಣ" ಎಂದು ಪುಸ್ತಕವನ್ನು ಮೇಜಿನ ಮೇಲೆ ಎಸೆದರು. ಮುಂದಿನ ಎರಡು ಶುಕ್ರವಾರ ಅವಳು ಪುಸ್ತಕ ತೋರಿಸಲಿಲ್ಲ.

ಅಷ್ಟು ಹೊತ್ತಿಗೆ ಅವಳು ಮೊದಲಿನ ಹಾಗೆ ಓದಬಹುದಿತ್ತು. ಓದಲಿಲ್ಲ. ಪುಸ್ತಕ ಕೊಟ್ಟು ಕೇಳು ಎನ್ನಲಿಲ್ಲ. ಒಂದು ಸಂಜೆ ನಾನೇ ಕೈಯೊಡ್ಡಿ, "ತಾರೇ, ಕೇಳ್ತೀನಿ" ಎಂದರೆ, "ಬೇಡ ಬಿಡು ಚಿಕ್ಕಮ್ಮ, ಅದೆಲ್ಲ ಸ್ಕೂಲ್ ಮಕ್ಕಳ ಓದು ಅಂತೆ" ಎಂದಳು. ಯಾರು ಹೇಳಿದ್ದು ಎಂದು ನಾನು ಕೇಳಲಿಲ್ಲ. ನಾನೂ ದೊಡ್ಡವಳ ಗತ್ತಿನಲ್ಲಿ ನಾಲ್ಕು ಮಾತು ಸೇರಿಸಿದೆ. "ಮಿಕ್ಕವರೆಲ್ಲ ಹಾಕ್ತಿದ್ದಾರಲ್ಲ, ನಿನಗೊಬ್ಬಳಿಗೆ ಏನು ಕಷ್ಟ? ನಾಲ್ಕು ಗೆರೆ ಎಳೆಯೋಕೂ ಆಗಲ್ವಾ?" ಎಂದೆ. ಗೆರೆ ಎಳೆಯುವುದರಲ್ಲಿ ನಾನು ಎಂಥ ಪ್ರವೀಣೆ ಎಂಬುದನ್ನು ಮುಂದೆ ಹೇಳುತ್ತೇನೆ.

ಪರೀಕ್ಷೆ ನಡೆಯಿತು. ಫಲಿತಾಂಶ ಬಂತು. ಮಿಕ್ಕ ವಿಷಯಗಳಲ್ಲಿ ಹೇಗೋ ದಾಟಿದಳು. ಮನಃಶಾಸ್ತ್ರದಲ್ಲಿ ಮೂವತ್ತನಾಲ್ಕು ಅಂಕ, ಪಾಸಾಗಲು ನಲವತ್ತು ಬೇಕು. ಮನಃಶಾಸ್ತ್ರ ವಿಭಾಗದ ಲ್ಯಾಬ್ ಅಸಿಸ್ಟೆಂಟ್ ಮನೆಯ ಹುಡುಗಿ ಮನಃಶಾಸ್ತ್ರದಲ್ಲೇ ಡುಮ್ಕಿ ಹೊಡೆದಳು ಎಂದು ಸ್ಟಾಫ್ ರೂಮ್ ಚಹಾ ಕುಡಿಯುತ್ತ ಸಂತಾಪ ಸೂಚಿಸಿತು. ವರ್ತನಾವಾದದವರು, ಮನೆಯಲ್ಲಿ ಅವಳಿಗೆ ಸರಿಯಾದ ಹೊತ್ತಿಗೆ ಮೆಚ್ಚುಗೆ ಸಿಕ್ಕಿಲ್ಲ ಎಂದರು. ಮನೋವಿಶ್ಲೇಷಣೆಯವರು ಅವಳ ಅಪ್ಪನ ಬಗ್ಗೆ ವಿಚಾರಿಸಿದರು. ಮಾನವತಾವಾದದ ಮೇಡಂ ನನ್ನ ಕೈ ಹಿಡಿದುಕೊಂಡರು, ಆ ಕೈಯಲ್ಲಿ ಬಿಸಿ ಲೋಟ ಇತ್ತು. ನಾಲ್ಕು ಜನರಲ್ಲಿ ಒಬ್ಬರಿಗೂ ಆ ಹುಡುಗಿಯನ್ನು ಕರೆದು ಮಾತಾಡಿಸಬೇಕು ಎನ್ನಿಸಲಿಲ್ಲ.

ಅದೇ ವಾರ ನೋಟಿಸ್ ಬೋರ್ಡಿನಲ್ಲಿ ಪ್ರಯೋಗದ ಫಲಿತಾಂಶವೂ ಬಿತ್ತು. ಬಣ್ಣ ಹಾಕಿದವರ ಸರಾಸರಿ ಎಪ್ಪತ್ತೊಂದು. ಹಾಕದವರದ್ದು ಅರವತ್ತೊಂದು. ಹತ್ತು ಅಂಕದ ವ್ಯತ್ಯಾಸ! ಪ್ರಿನ್ಸಿಪಾಲರು ಮೇಷ್ಟ್ರನ್ನು ಹೊಗಳಿ ಅಟ್ಟಕ್ಕೇರಿಸಿದರು. ಮುಂದಿನ ವರ್ಷದಿಂದ ಎಲ್ಲ ವಿಭಾಗದ ಮಕ್ಕಳಿಗೂ ಐದು ಬಣ್ಣ ಕಡ್ಡಾಯ ಎಂದು ತೀರ್ಮಾನವಾಯಿತು.

ಯಾಕಮ್ಮ ಆ ಬೋರ್ಡಿನ ಮುಂದೆ ನಿಂತು ಓದಿದ್ದನ್ನು ನಾನು ಮೆಟ್ಟಿಲ ಮೇಲಿಂದ ನೋಡಿದೆ. ಎರಡು ಸಲ ಓದಿದಳು. ಮನೆಗೆ ಬಂದು ಶಾಂತವಾಗಿ ಹೇಳಿದಳು: "ನಾನು ಮರುಪರೀಕ್ಷೆಗೆ ಕಟ್ಟಲ್ಲ ಚಿಕ್ಕಮ್ಮ. ಜೆರಾಕ್ಸ್ ಅಂಗಡಿಯಲ್ಲಿ ಜನ ಬೇಕು ಅಂತಿದ್ರು. ಸೋಮವಾರದಿಂದ ಹೋಗ್ತೀನಿ."

"ಹುಚ್ಚು ಹಿಡೀತಾ? ಒಂದೇ ವಿಷಯ ಹೋಗಿದೆ. ಶನಿವಾರ ಮಧ್ಯಾಹ್ನ ಒಂದು ಗಂಟೆಯವರೆಗೂ ಅರ್ಜಿ ತಗೋತಾರೆ. ತುಂಬು, ನಾನು ಸಹಿ ಹಾಕ್ತೀನಿ."

"ಅಲ್ಲ ಚಿಕ್ಕಮ್ಮ, ಒಳ್ಳೆ ವಿಧಾನ ಕೈಯಲ್ಲಿ ಕೊಟ್ಟಿದ್ರು. ಬಣ್ಣ ಹಾಕಿದವರಿಗೆಲ್ಲ ಎಪ್ಪತ್ತೊಂದು ಬಂತು. ನನಗೆ ಕೊಟ್ರೂ ಮೂವತ್ತನಾಲ್ಕು. ಅಂದ್ರೆ ವಿಧಾನ ಸರಿ ಇದೆ, ನಾನು ಸರಿ ಇಲ್ಲ. ಲೆಕ್ಕ ಕಣ್ಣ ಮುಂದೇನೇ ಇದೆಯಲ್ಲ."

ಅವಳು ಅತ್ತಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿ ಅವಳು ಯಾರೋ ಹೇಳಿದ್ದನ್ನು ಯಾಕೆ ಎಂದು ಕೇಳದೆ ನಂಬಿದ್ದಳು. ಅರ್ಜಿ ಫಾರಂ ಇಡೀ ವಾರ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಕೆಳಗೆ ಬಿದ್ದಿತ್ತು. ನಾನು ದಿನಕ್ಕೆರಡು ಸಲ ಬೈದೆ, ಒಂದು ಸಲ ಬೇಡಿಕೊಂಡೆ. ಅಕ್ಕ ಫೋನಿನಲ್ಲಿ ಅತ್ತಳು. ಫಾರಂ ಮೇಲೆ ಒಂದಕ್ಷರ ಬೀಳಲಿಲ್ಲ.

ಶುಕ್ರವಾರ ಮೇಷ್ಟ್ರು ನನ್ನನ್ನು ಕರೆಸಿದರು. ಸೋಮವಾರ ಕಾಲೇಜಿಗೆ ತಪಾಸಣಾ ಸಮಿತಿ ಬರುವುದಿತ್ತು. ಪ್ರಯೋಗದ ವಿವರವನ್ನು ದೊಡ್ಡ ಕಾರ್ಡ್‌ಬೋರ್ಡಿನ ಮೇಲೆ ನಾನು ಚೆಂದವಾಗಿ ಬರೆದುಕೊಡಬೇಕು. ನನ್ನ ಅಕ್ಷರ ದುಂಡಗಿದೆ, ಅದನ್ನು ಹೊಗಳುವಾಗ ಅವರ ದನಿ ಬೆಣ್ಣೆಯಾಗುತ್ತದೆ.

ಬರೆಯಲು ಕೂತೆ. ಭಾಗವಹಿಸಿದವರು ಅರವತ್ತು. ಬಣ್ಣದ ಗುಂಪು ಮೂವತ್ತು, ಸರಾಸರಿ ಎಪ್ಪತ್ತೊಂದು. ಪೆನ್ನು ಅಲ್ಲೇ ನಿಂತಿತು. ಮೂವತ್ತು ಹೇಗೆ? ಹನ್ನೊಂದು ಜನ ಮಧ್ಯದಲ್ಲೇ ಬಿಟ್ಟಿದ್ದರು. ಅದು ಈ ಕಾಲೇಜಿನಲ್ಲಿ ಬೇರೆ ಯಾರಿಗೆ ಮರೆತರೂ ನನಗೆ ಮರೆಯುವಂತಿರಲಿಲ್ಲ. ಎದ್ದು ಹೋಗಿ ಕೇಳಿದೆ.

"ಸರ್, ಕೊನೆಗೆ ಉಳಿದವರು ಹತ್ತೊಂಬತ್ತು ಅಲ್ವಾ? ಎಪ್ಪತ್ತೊಂದು ಅವರ ಸರಾಸರಿ."

"ಹೌದು."

"ಇಲ್ಲಿ ಮೂವತ್ತು ಅಂತ ಇದೆ."

"ಸೇರಿದ್ದು ಮೂವತ್ತು ಜನ ಅಲ್ವೇನಮ್ಮ? ಸೇರಿದವರನ್ನ ಸೇರಿದವರು ಅಂತ ಬರೀಬೇಕು. ಬಿಟ್ಟವರು ವಿಧಾನಾನ ಪೂರ್ತಿ ಪಾಲಿಸಲಿಲ್ಲ. ಅವರ ಅಂಕ ಸೇರಿಸಿದ್ರೆ ವಿಧಾನಕ್ಕೆ ಅನ್ಯಾಯ ಆಗಲ್ವಾ?"

ವಿಧಾನಕ್ಕೆ ಅನ್ಯಾಯ! ಮಕ್ಕಳಿಗೆ ಆದರೆ ಪರವಾಗಿಲ್ಲ, ಹೈಲೈಟರಿಗೆ ನೋವಾಗಬಾರದು. ಇದೇ ಮನುಷ್ಯ ಆಗಸ್ಟ್ ತಿಂಗಳಿನಲ್ಲಿ ಸಂಶೋಧನಾ ವಿಧಾನಗಳು ಎಂಬ ಮೂರನೆಯ ಪಾಠ ಮಾಡುತ್ತಾರೆ. ಅದರಲ್ಲಿ ಮಾದರಿ ಎಂದರೇನು, ಅದು ಹೇಗೆ ವಾಲುತ್ತದೆ, ಪ್ರಯೋಗದ ಮಧ್ಯದಲ್ಲಿ ಜನ ಬಿಟ್ಟುಹೋದರೆ ಏನು ಎಚ್ಚರ ವಹಿಸಬೇಕು ಎಂದು ಒಂದು ಪುಟವೇ ಇದೆ. ಅವರ ಸ್ವಂತ ಪುಸ್ತಕದಲ್ಲಿ ಆ ಪುಟಕ್ಕೆ ಐದೂ ಬಣ್ಣ ಹಾಕಿದ್ದಾರೆ. ನಾನೇ ಕಣ್ಣಾರೆ ನೋಡಿದ್ದೇನೆ. ಇವರೇನು ಬೇಕೆಂದೇ ಕಣ್ಣಿಗೆ ಮಣ್ಣೆರಚುವ ಕಳ್ಳರಲ್ಲ. ಕಳ್ಳರಾಗಿದ್ದರೆ ಸ್ವಲ್ಪ ಬುದ್ಧಿಯನ್ನಾದರೂ ಖರ್ಚು ಮಾಡುತ್ತಿದ್ದರು. ಆ ಪುಟಕ್ಕೆ ಬಣ್ಣ ಹಾಕಿ ಮುಗಿಸಿದ್ದನ್ನೇ ಓದಿ ಮುಗಿಸಿದ್ದು ಎಂದುಕೊಂಡಿದ್ದಾರೆ, ಅಷ್ಟೇ.

ರಿಜಿಸ್ಟರನ್ನೂ ಅಂಕಪಟ್ಟಿಯನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಇನ್ನೂ ಬಿಸಿಲಿತ್ತು. ಯಾಕಮ್ಮ ಮೇಜಿನ ಮುಂದೆ ಸುಮ್ಮನೆ ಕೂತಿದ್ದಳು, ಪಕ್ಕದಲ್ಲಿ ಉಪ್ಪಿನ ಡಬ್ಬಿ, ಅದರ ಕೆಳಗೆ ಫಾರಂ.

"ಬಾ ಇಲ್ಲಿ. ಇಲ್ಲಿ ಗೆರೆ ಹೊಡೆದಿರೋ ನಂಬರ್ ಓದು. ನಾನು ಅಂಕಪಟ್ಟೀಲಿ ಹುಡುಕ್ತೀನಿ" ಎಂದೆ. ನಿಜ ಹೇಳಬೇಕೆಂದರೆ ಅವಳ ಕಣ್ಣಿಗೇ ಅದು ಬೀಳಲಿ ಎಂದಿತ್ತು. ಇನ್ನೊಂದು ವಿಷಯ ಮಾತ್ರ ಬೀಳದಿರಲಿ ಎಂದೂ ಇತ್ತು. ನಾನೂ ಎಂಥ ಜಾಣೆ ನೋಡಿ!

ಅವಳು ಬೇಸರದಿಂದ ಪುಟ ತಿರುವಿದಳು. ನಾಲ್ಕನೆಯ ನಂಬರ್ ಓದುವ ಹೊತ್ತಿಗೆ ದನಿ ಬದಲಾಯಿತು. "ಇವರೆಲ್ಲ ಯಾರು?" ಎಂದಳು.

"ಮಧ್ಯದಲ್ಲಿ ಬಿಟ್ಟವರು."

"ಎಷ್ಟು ಜನ?"

"ಎಣಿಸು."

ಎಣಿಸಿದಳು. ಹನ್ನೊಂದು. ಅಂಕಪಟ್ಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಹಳೇ ಕ್ಯಾಲೆಂಡರಿನ ಹಿಂದೆ ಬರೆದುಕೊಂಡಳು: ಐವತ್ತೆರಡು, ಇಪ್ಪತ್ತೊಂಬತ್ತು, ನಲವತ್ತೇಳು, ಮೂವತ್ತೆಂಟು. ಬರೆಯುತ್ತ ಬರೆಯುತ್ತ ಕುರ್ಚಿಯಿಂದ ಎದ್ದು ನಿಂತಳು. ಕೂಡಿದಳು, ಭಾಗಿಸಿದಳು. ಹನ್ನೊಂದು ಜನರದ್ದು ಒಟ್ಟು ನಾನೂರ ಐವತ್ತೊಂದು. ಹತ್ತೊಂಬತ್ತು ಜನರದ್ದು ಸಾವಿರದ ಮುನ್ನೂರ ನಲವತ್ತೊಂಬತ್ತು. ಎರಡೂ ಸೇರಿ ಸಾವಿರದ ಎಂಟುನೂರು. ಮೂವತ್ತರಿಂದ ಭಾಗಿಸಿದರೆ ಸರಿಯಾಗಿ ಅರವತ್ತು.

"ಬಣ್ಣ ಹಾಕದವರದ್ದು ಎಷ್ಟು ಚಿಕ್ಕಮ್ಮ?"

"ಅರವತ್ತೊಂದು."

ಅವಳು ಕ್ಯಾಲೆಂಡರನ್ನೇ ನೋಡುತ್ತ ನಿಂತಳು. ಆಮೇಲೆ ಪಟಪಟನೆ ಮಾತು ಬಂತು, ಮೊದಲಿನ ಯಾಕಮ್ಮನ ಮಾತು. "ಹಾಗಾದ್ರೆ ವಿಧಾನದಿಂದ ಏನೂ ಆಗಿಲ್ಲ! ಅದನ್ನ ಕಟ್ಟಿಕೊಂಡು ಏಗೋಕೆ ಆಗದೆ ಇರೋರು ಬಿಟ್ಟುಹೋದ್ರು. ಹೇಗಿದ್ರೂ ಪಾಸಾಗ್ತಿದ್ದವರು ಉಳಿದ್ರು. ಉಳಿದವರನ್ನ ಮಾತ್ರ ಎಣಿಸಿದ್ರೆ ಹೆಚ್ಚೇ ಬರುತ್ತೆ. ಮಿಕ್ಕ ಮೂವತ್ತು ಜನಕ್ಕೆ ಬಿಡೋಕೆ ಏನೂ ಇರಲಿಲ್ಲ, ಅದಕ್ಕೇ ಯಾರೂ ಬಿಡಲಿಲ್ಲ. ಇದು ಮೂರನೇ ಪಾಠದಲ್ಲೇ ಇದೆ! ನಾನು ನೇರಳೆ ಹಾಕಿದ್ದು ಅಲ್ಲೇ ಚಿಕ್ಕಮ್ಮ! ಬಿಟ್ಟವರ ಅಂಕ ಎಲ್ಲಿ ಹೋಗುತ್ತೆ ಅಂತಾನೇ ನನಗೆ ಅನುಮಾನ ಬಂದಿದ್ದು!"

ದಡ್ಡಿಯಂತೆ ಇವಳು! ಹತ್ತು ನಿಮಿಷ ಹಿಡಿಯಿತು ಅವಳಿಗೆ. ಡಾಕ್ಟರೇಟ್ ಪಡೆದ ನಾಲ್ಕು ಜನರಿಗೆ ಒಂದು ವರ್ಷ ಸಾಲಲಿಲ್ಲ. ನನಗೆ ಹೆಮ್ಮೆಯಾಯಿತು. ಎದ್ದು ತಬ್ಬಿಕೊಳ್ಳೋಣ ಎಂದುಕೊಂಡೆ.

ಅಷ್ಟರಲ್ಲಿ ಅವಳ ಬೆರಳು ರಿಜಿಸ್ಟರಿನ ಒಂದು ಸಾಲಿನ ಮೇಲೆ ನಿಂತಿತು. ಗೆರೆಯ ಕೆಳಗಿನ ನಂಬರ್ ಅವಳದ್ದೇ. ಅದು ಅವಳಿಗೆ ಆಶ್ಚರ್ಯದ ವಿಷಯವಲ್ಲ, ಬಿಟ್ಟವಳು ತಾನು ಎಂದು ಗೊತ್ತೇ ಇತ್ತು. ಬೆರಳು ನಿಧಾನವಾಗಿ ಗೆರೆಯ ಗುಂಟ ಬಲಕ್ಕೆ ಸರಿಯಿತು. ಸಹಿಯ ಹತ್ತಿರ ಬಂದು ನಿಂತಿತು.

"ಚಿಕ್ಕಮ್ಮ, ಇದು ನಿನ್ನ ಸಹಿ."

"ಹೌದು."

"ಹನ್ನೊಂದೂ ನೀನೇ ಹೊಡೆದಿದ್ದಾ?"

"ರಿಜಿಸ್ಟರ್ ನನ್ನ ಕೈಯಲ್ಲೇ ಅಲ್ವೇನೇ ಇರೋದು. ಅವರು ನಂಬರ್ ಹೇಳ್ತಾ ಹೋದ್ರು, ನಾನು..."

"ನನ್ನ ನಂಬರ್ ಹೇಳಿದಾಗ ನಿನಗೆ ಗೊತ್ತಾಯ್ತಾ?"

"ಗೊತ್ತಾಯ್ತು."

"ಯಾಕೆ ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ಆ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಸ್ಕೇಲಿನ ಅಂಚು ಒಂದು ಕಡೆ ಸವೆದಿತ್ತು. ಗೆರೆ ಡೊಂಕಾಗದಿರಲಿ ಎಂದು ಸ್ಕೇಲನ್ನು ತಿರುಗಿಸಿ ಇಟ್ಟುಕೊಂಡು, ಉಸಿರು ಹಿಡಿದು ಎಳೆದಿದ್ದೆ. ನನ್ನ ಅಕ್ಕನ ಮಗಳ ನಂಬರಿನ ಮೇಲೆ. ಆಮೇಲೆ ಮನೆಗೆ ಬಂದು ಅವಳಿಗೆ ಊಟ ಬಡಿಸಿ, ನಾಲ್ಕು ಗೆರೆ ಎಳೆಯೋಕೂ ಆಗಲ್ವಾ ಎಂದಿದ್ದೆ. ಇಪ್ಪತ್ತೆರಡು ವರ್ಷ ಆ ನಾಲ್ವರನ್ನು ನೋಡಿ ಮೂಗು ಮುರಿದವಳು ನಾನು. ಅವರು ಓದಿ ಬೆಪ್ಪಾದವರು. ನಾನು ಓದದೆಯೂ ಅವರ ಸರಿಸಮಕ್ಕೆ ಹೋಗಿ ನಿಂತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಯಾಕಮ್ಮ ರಿಜಿಸ್ಟರನ್ನು ನನ್ನ ಕಡೆಗೆ ತಳ್ಳಿದಳು. "ಗೆರೆ ನೇರವಾಗಿ ಬಂದಿದೆ" ಎಂದಳು. ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಫಾರಂ ಅಲ್ಲೇ ಇತ್ತು.

ಆಮೇಲೆ ಕೆಂಪು ಪೆನ್ನು ತೆಗೆದೆ. ನಮ್ಮ ರಿಜಿಸ್ಟರಿನ ಶಿಸ್ತಿನಲ್ಲಿ ಇದಕ್ಕೂ ದಾರಿ ಇದೆ. ತಪ್ಪಾಗಿ ಹೊಡೆದ ಗೆರೆಯನ್ನು ಅಳಿಸಲಾಗದು, ಆದರೆ ಪಕ್ಕದಲ್ಲಿ ಬರೆಯಬಹುದು. ಬರೆದೆ: "ತಪ್ಪಾಗಿ ಹೊಡೆದದ್ದು. ಇವರ ಅಂಕವನ್ನೂ ಸೇರಿಸತಕ್ಕದ್ದು." ತಾರೀಕು ಹಾಕಿದೆ, ಸಹಿ ಹಾಕಿದೆ. ಹನ್ನೊಂದು ಸಲ. ಅಕ್ಷರ ದುಂಡಗೆ ಬರಲಿಲ್ಲ.

ಶನಿವಾರ ಬೆಳಿಗ್ಗೆ ಮೇಷ್ಟ್ರ ಮೇಜಿನ ಮೇಲೆ ರಿಜಿಸ್ಟರನ್ನೂ ಕಾರ್ಡ್‌ಬೋರ್ಡನ್ನೂ ಇಟ್ಟೆ. ಕಾರ್ಡ್‌ಬೋರ್ಡಿನಲ್ಲಿ ಮೂವತ್ತರ ಎದುರಿಗೆ ಅರವತ್ತು ಎಂದು ಬರೆದಿದ್ದೆ. ಅವರು ಓದಿದರು. ಮುಖದ ಮೇಲೆ ಅವರ ಐದೂ ಬಣ್ಣ ಬಂದು ಹೋದವು.

"ಇದೇನು ತಲೆಹರಟೆ? ಯಾರು ಹೇಳಿದ್ರು ನಿಮಗೆ?"

"ಮೂರನೇ ಪಾಠ ಸರ್."

"ನಿಮ್ಮ ಹುಡುಗಿ ಫೇಲಾಗಿದ್ದಕ್ಕೆ ಹೊಟ್ಟೆ ಉರೀನಾ?"

"ಹೌದು ಸರ್, ಉರೀತಿದೆ. ಆದ್ರೆ ಅದನ್ನ ಕೂಡಿದ್ರೂ ಕಳೆದ್ರೂ ಸರಾಸರಿ ಅರವತ್ತೇ ಬರುತ್ತೆ."

ಅವರು ರಿಜಿಸ್ಟರಿನ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದರು. ಹರಿಯುತ್ತಾರೆ ಎಂದುಕೊಂಡೆ. ಪುಟದ ನಂಬರಿನ ಮೇಲೆ ಕಣ್ಣು ಬಿತ್ತು, ಕೈ ಬಿಟ್ಟರು. "ಈ ರಿಜಿಸ್ಟರ್ ಕಳೆದುಹೋಗಿದೆ ಅಂತ ಬರೆದುಕೊಡಿ. ಹೊಸದರಲ್ಲಿ ನೀಟಾಗಿ ಕಾಪಿ ಮಾಡಿ" ಎಂದರು.

"ನಾನು ಬರೆಯಲ್ಲ ಸರ್."

"ಲ್ಯಾಬ್ ಬಿಟ್ಟು ಹಾಸ್ಟೆಲ್ ಸ್ಟೋರಿಗೆ ಹೋಗ್ತೀರಾ?"

"ಅಲ್ಲಿ ನಲ್ಲಿ ಸೋರಲ್ಲ ಅಂತ ಕೇಳಿದ್ದೀನಿ" ಎಂದು ಹೊರಗೆ ಬಂದೆ. ಧೈರ್ಯ ಎಂಬುದು ನನಗೆ ರೂಢಿಯಿಲ್ಲದ ವಸ್ತು.

ಆ ಹನ್ನೊಂದು ಜನರಲ್ಲಿ ಯಾಕಮ್ಮನನ್ನು ಬಿಟ್ಟು ಇನ್ನೂ ನಾಲ್ವರು ಡುಮ್ಕಿ ಹೊಡೆದಿದ್ದರು. ಆಫೀಸಿನ ಫೋನಿನಿಂದ ನಾಲ್ಕೂ ಮನೆಗೆ ಫೋನ್ ಮಾಡಿದೆ. ಒಬ್ಬನ ತಾಯಿ, "ನೀವ್ಯಾರು?" ಎಂದು ಕೇಳಿದರು. "ನಿಮ್ಮ ಮಗನ ನಂಬರಿಗೆ ಗೆರೆ ಹೊಡೆದವಳು" ಎಂದೆ. ಆಕೆಗೆ ಏನರ್ಥವಾಯಿತೋ, ಹುಡುಗನನ್ನು ಮಾತ್ರ ಅಟ್ಟಿದರು. ಹನ್ನೆರಡೂವರೆಯ ಹೊತ್ತಿಗೆ ಇಬ್ಬರು ಬಂದು ಅರ್ಜಿ ಕೊಟ್ಟರು. ನಾನು ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತಿದ್ದೆ. ಗುಮಾಸ್ತ ಗಡಿಯಾರ ನೋಡಿದ, ಸ್ಟಾಂಪಿನ ಡಬ್ಬಿ ಮುಚ್ಚಿದ, ತೆರೆದ. ನನ್ನ ಮನೆಯ ಹುಡುಗಿ ಬರಲಿಲ್ಲ. ಹೋಗಿ ಕರೆತರೋಣ ಎಂದು ಎರಡು ಸಲ ಎದ್ದೆ, ಎರಡು ಸಲವೂ ಕೂತೆ. ಅವಳನ್ನು ಕರೆಯುವ ಯೋಗ್ಯತೆ ನನಗೆ ಉಳಿದಿದೆಯೇ ಎಂದು ತಿಳಿಯಲಿಲ್ಲ.

ಒಂದಕ್ಕೆ ಹತ್ತು ನಿಮಿಷವಿದ್ದಾಗ ಕಾರಿಡಾರಿನ ಕೊನೆಯಲ್ಲಿ ಚಪ್ಪಲಿ ಸದ್ದಾಯಿತು. ಯಾಕಮ್ಮ ಬಂದಳು. ನನ್ನ ಮುಖ ನೋಡಲಿಲ್ಲ. ತುಂಬಿದ ಫಾರಂ ಅನ್ನು ಬೆಂಚಿನ ಮೇಲೆ ನನ್ನ ಪಕ್ಕದಲ್ಲಿಟ್ಟು, ಕೊನೆಯಲ್ಲಿ ಪೋಷಕರ ಸಹಿ ಎಂದಿದ್ದ ಖಾಲಿ ಜಾಗವನ್ನು ಬೆರಳಿನಿಂದ ತೋರಿಸಿದಳು. ನಾನು ಗಡಬಡಿಸಿ ಪೆನ್ನು ತೆಗೆದು ಆ ಜಾಗಕ್ಕೆ ಊರಿದೆ.

ಅವಳು ನನ್ನ ಕೈ ಹಿಡಿದಳು.

"ಈ ಸಲ ಓದಿ ಹಾಕು ಚಿಕ್ಕಮ್ಮ" ಎಂದಳು.

ಗುಮಾಸ್ತ ಗಡಿಯಾರ ನೋಡುತ್ತಿದ್ದ. ನಾನು ಪೆನ್ನು ಕೆಳಗಿಟ್ಟು, ಕನ್ನಡಕ ಹಾಕಿಕೊಂಡು, ಮೊದಲ ಸಾಲಿನಿಂದ ಓದತೊಡಗಿದೆ.